ಗಂಟುನೊಣದ ಜೀವಂತ ಶಿಲ್ಪ

ಹೊಂಗೆಮರದ ಗಂಟುನೊಣವೊಂದು ಎಳೆಯ ಎಲೆಗೆ ಒಂದು ತೊಟ್ಟು ರಸ ಚುಚ್ಚಿತ್ತು. ವಾರದಲ್ಲೇ ಎಲೆಯ ಮೈತುಂಬ ಕೆಂಪು ಗಂಟುಗಳೆದ್ದವು. ಅದನ್ನು ತೋರಿಸಲು ನೊಣ ಪಕ್ಕದ ಈಚಲಮರದಲ್ಲಿ ಗೂಡು ಹೆಣೆಯುತ್ತಿದ್ದ ಗಿಜುಗ ಹಕ್ಕಿಯನ್ನು ಕರೆಯಿತು.

"ನೀವು ಹುಲ್ಲು ಹೆಣೆಯುವ ಕಸುಬಿನವರು. ನನ್ನದು ಜೀವಂತ ಶಿಲ್ಪ. ಜೀವಕೋಶಗಳೇ ನನ್ನ ಮಾತು ಕೇಳಿ ಬೆಳೆಯುತ್ತವೆ," ಎಂದಿತು ನೊಣ.

ಬೆಳಗಿನಿಂದ ಹುಲ್ಲು ಸೀಳಿ ಕೊಕ್ಕು ನೋಯಿಸಿಕೊಂಡಿದ್ದ ಗಿಜುಗಕ್ಕೆ ತನ್ನ ಗೂಡಿನ ಬಗ್ಗೆ ನಾಚಿಕೆಯಾಯಿತು. "ಇಷ್ಟು ದುಂಡಗೆ ಹೇಗೆ ಮಾಡಿದಿರಿ?" ಎಂದು ವಿನಯದಿಂದ ಕೇಳಿತು.

"ಇವರು ಮಾಡಿದ್ದೇನಿಲ್ಲ," ಎಂದಿತು ಎಲೆ. "ಚುಚ್ಚಿ ಮೊಟ್ಟೆಯಿಟ್ಟು ಹೋದರು. ಉರಿ ತಾಳಲಾರದೆ ಬಾತದ್ದು ನಾನು. ಈಗ ಒಳಗೆ ಇವರ ಮರಿಗಳು ನನ್ನನ್ನೇ ತಿನ್ನುತ್ತಿವೆ. ದಯವಿಟ್ಟು ಇವನ್ನು ತೆಗೆದುಬಿಡಿ."

ನೊಣ ಹಿಗ್ಗಿ ರೆಕ್ಕೆ ಬಡಿಯಿತು. "ಕೇಳಿದಿರಾ? ಕೃತಿಯೇ ಬಾಯಿಬಿಟ್ಟು ನರಳುತ್ತಿದೆ! ಇದಕ್ಕಿಂತ ದೊಡ್ಡ ಕಲೆ ಉಂಟೇ?"

ಗಿಜುಗದ ನಾಚಿಕೆ ಅಲ್ಲಿಗೇ ಬಿಟ್ಟುಹೋಯಿತು. ಅದು ಒಂದು ಗಂಟನ್ನು ಸೀಳಿ, ಒಳಗಿದ್ದ ಬಿಳಿಯ ಹುಳುವನ್ನು ನುಂಗಿತು.

"ಅಯ್ಯೋ, ನಿಲ್ಲಿಸಿ! ಅವು ನನ್ನ ಮಕ್ಕಳು, ಅವಕ್ಕೆ ಜೀವವಿದೆ!" ಎಂದು ನೊಣ ಚೀರಿತು.

"ಸ್ವಲ್ಪ ತಡೆಯಿರಿ. ನನಗೆ ಈಗಷ್ಟೇ ನಿಮ್ಮ ಕಲೆಯ ರುಚಿ ಹತ್ತುತ್ತಿದೆ," ಎಂದು ಗಿಜುಗ ಎರಡನೆಯ ಗಂಟಿಗೆ ಕೊಕ್ಕು ಹಾಕಿತು.