ನವಿಲು ನಂದಿಸಿದ ದೀಪ

ಬರೀ ಅಕ್ಷರಗಳಲ್ಲೇ ಆಡುವ ಒಂದು ಆನ್‌ಲೈನ್ ಆಟಕ್ಕೆ ನವಿಲೂ ಹೆಗ್ಗಣವೂ ಒಂದೇ ದಿನ ಸೇರಿದವು. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೆದದ್ದೇ ನಡೆಯುತ್ತಿತ್ತು. ‘ನೀವು ಕತ್ತಲ ಕೋಣೆಯಲ್ಲಿದ್ದೀರಿ. ಏನು ಮಾಡುತ್ತೀರಿ?’ ಎಂದು ಆಟ ಕೇಳಿತು.

‘ಗರಿ ಬಿಚ್ಚುತ್ತೇನೆ’ ಎಂದು ನವಿಲು ಬರೆಯಿತು.

‘ಬಿಚ್ಚಿದಿರಿ. ಯಾರಿಗೂ ಕಾಣಲಿಲ್ಲ’ ಎಂದಿತು ಆಟ.

ಹೆಗ್ಗಣ ‘ನನಗೇನೂ ತಿಳಿಯದು, ಹೇಳಿಕೊಡಿ’ ಎಂದು ಬರೆಯಿತು. ಹಳೆಯ ಆಟಗಾರರು ಬಂದು ದಾರಿ ತೋರಿಸಿ, ಕೈಗೊಂದು ದೀಪ ಕೊಟ್ಟರು. ಸಂಜೆಯೊಳಗೆ ಆಟದೊಳಗಿನ ಅರಮನೆಯ ಅಂಗಳದಲ್ಲಿ ಎಲ್ಲರೂ ಅದನ್ನು ‘ಹೆಗ್ಗಣರಾಯರೇ’ ಎಂದು ಕರೆಯತೊಡಗಿದರು. ಆ ಹೆಸರು ತೆರೆಯ ಮೇಲೆ ಮೂಡಿದಾಗಲೆಲ್ಲ ನವಿಲಿನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಬಿಲ ತೋಡುವ ಪ್ರಾಣಿಗೆ ರಾಯರೆಂಬ ಮರ್ಯಾದೆಯೇ?

ತನ್ನ ಜೊತೆಗೆ ಸೇರಿದ ನವಿಲು ಇನ್ನೂ ಕತ್ತಲ ಕೋಣೆಯಲ್ಲೇ ಇದೆಯೆಂದು ಹೆಗ್ಗಣ ದೀಪ ಹಿಡಿದು ಹಿಂದಿರುಗಿತು. ‘ಬನ್ನಿ, ಬಾಗಿಲು ತೋರಿಸುತ್ತೇನೆ’ ಎಂದಿತು.

ಇದರ ಬೆನ್ನ ಹಿಂದೆ ನಾನು ನಡೆಯುವುದೇ ಎಂದುಕೊಂಡ ನವಿಲು ಸರಸರನೆ ಬರೆಯಿತು: ‘ಹೆಗ್ಗಣದ ದೀಪ ನಂದಿಸು.’

ದೀಪ ನಂದಿತು.

‘ನನಗೆ ಕತ್ತಲು ರೂಢಿ. ನೀವು ಹೇಗೆ ಬರುತ್ತೀರಿ?’ ಎಂದು ಹೆಗ್ಗಣ ಕೇಳಿತು. ಸ್ವಲ್ಪ ಹೊತ್ತು ಕಾದ ಹೆಗ್ಗಣ ಗೋಡೆ ಸವರಿಕೊಂಡು ಹೊರಗೆ ಹೋಯಿತು.

ದೀಪ ಉರಿಯುತ್ತಿದ್ದಾಗ ಅದನ್ನೇ ದುರುಗುಟ್ಟಿ ನೋಡುತ್ತಿದ್ದ ನವಿಲು, ಅದರ ಬೆಳಕಿನಲ್ಲಿ ಬಾಗಿಲು ಯಾವ ಕಡೆಯಿದೆಯೆಂದು ನೋಡಿಯೇ ಇರಲಿಲ್ಲ.