ಮೋರಿಯ ಮೇಲೊಂದು ಚಪ್ಪಡಿ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ಅಂತ ಒಬ್ಬ ಶಿಷ್ಯನಿದ್ದ. ಓದಿದವನು, ಚುರುಕಾದವನು. ಆದರೆ ಜನರ ಗಲಾಟೆ ಅವನಿಗೆ ಆಗಿಬರುತ್ತಿರಲಿಲ್ಲ.

ಒಂದು ದಿನ ಅವನು ಗುರುಗಳ ಮುಂದೆ ಕೈಕಟ್ಟಿ ನಿಂತ. "ಗುರುಗಳೇ, ನನಗೆ ಏಕಾಂತ ಬೇಕು. ಬೆಟ್ಟದ ಮೇಲೆ ಹೋಗಿ ಒಂದು ವರ್ಷ ಒಬ್ಬನೇ ಇದ್ದು ಬರ್ತೀನಿ."

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ತಲೆಯೆತ್ತಲಿಲ್ಲ.

"ಅಷ್ಟು ದೂರ ಯಾಕೋ? ಪಟ್ಟಣದ ಮೇಯರಮ್ಮ ಮೊನ್ನೆ ಬಂದಿದ್ದರಲ್ಲ, ಆಫೀಸಿನಲ್ಲಿ ಕೆಲಸ ಕಲಿಯೋಕೆ ಒಬ್ಬ ಓದಿದ ಹುಡುಗ ಇದ್ದರೆ ಕಳಿಸಿ ಅಂದರು. ಹೋಗು. ಅವರ ಪದವಿಯೂ ಒಂದೇ ವರ್ಷದ್ದು. ಅವರು ಕುರ್ಚಿ ಬಿಟ್ಟ ದಿನ ನೀನೂ ಬಾ."

"ಗುರುಗಳೇ, ನಾನು ಕೇಳಿದ್ದು ಏಕಾಂತ!"

"ಕೇಳಿಸ್ತು. ನಾನು ಕೊಟ್ಟಿದ್ದೂ ಅದನ್ನೇ."

ಮೇಯರ್ ಆಫೀಸು ಅಂದರೆ ಸುಮ್ಮನೆಯೇ? ಬೆಳಗಾದರೆ ಸಾಕು, ಹಾರ, ತುರಾಯಿ, ಕೈಗೊಂದು ನಿಂಬೆಹಣ್ಣು. ನಲ್ಲಿ ಬಂದಿಲ್ಲ ಅನ್ನುವವರು, ನಾಯಿ ಕಚ್ಚಿತು ಅನ್ನುವವರು, ಬರೀ ಫೋಟೋ ತೆಗೆಸಿಕೊಳ್ಳೋಕೆ ಬಂದವರು. ಶಂಭುಲಿಂಗ ಹೊರಕೋಣೆಯಲ್ಲಿ ಕೂತು ಎಲ್ಲರ ಅಹವಾಲು ಕೇಳಬೇಕು. ಮಧ್ಯಾಹ್ನ ಮೇಯರಮ್ಮ ಕಾರಿಳಿದು ಕುರ್ಚಿ ತಲುಪುವಷ್ಟರಲ್ಲಿ, ಅವರ ಪಕ್ಕದಲ್ಲೇ ಸರಸರ ನಡೆಯುತ್ತಾ, ಅದನ್ನೆಲ್ಲ ಹೇಳಿ ಮುಗಿಸಬೇಕು. ಅವರು ಕುರ್ಚಿಯಲ್ಲಿ ಕೂತರೆಂದರೆ ಮುಗಿಯಿತು, ಆಮೇಲೆ ಅವರ ಕಿವಿ ದೊಡ್ಡವರ ಪಾಲು. ನಡಿಗೆಯಲ್ಲಿ ಹೇಳಿದ್ದು ಕೆಲಸವಾಗುತ್ತಿತ್ತು. ಹೇಳದೆ ಬಿಟ್ಟದ್ದು ಹಾಗೇ ಉಳಿಯುತ್ತಿತ್ತು.

ಅಷ್ಟು ಜನರಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. "ತಮ್ಮಾ, ಮೇಡಂ ಇದಾರಾ?" ಅನ್ನುವರು. ಇದಾರೆ ಅಂದರೆ ಅವನನ್ನು ದಾಟಿ ಒಳಗೆ ಇಣುಕುವರು. ಸಂಜೆ ಬಾಡಿಗೆ ಕೋಣೆಗೆ ಹೋಗಿ ಚಿಲಕ ಹಾಕಿದರೆ, ಮತ್ತೆ ಬೆಳಗಾಗುವವರೆಗೆ ಅವನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ.

ಏಕಾಂತ ಬೇಕೆಂದಿದ್ದನಲ್ಲ, ಸಿಕ್ಕಿತ್ತು. ಅಯ್ಯೋ, ಅದು ಹೀಗಿರುತ್ತದೆ ಅಂತ ಅವನೇನು ಕನಸು ಕಂಡಿದ್ದನೇ! ಅನ್ನಕ್ಕೆ ಸಾರು ಕಲಸುತ್ತಾ ಕಣ್ಣು ತುಂಬಿಕೊಳ್ಳುವಷ್ಟು ಒಂಟಿಯಾದ.

ಆಗ ಬಂದಳು ನಿಂಗಜ್ಜಿ.

ನೇಕಾರರ ಬೀದಿಯವಳು. ಮೋರಿಯ ಹೂಳೆತ್ತಲು ಬಂದವರು ಅವಳ ಮನೆ ಮುಂದಿನ ಚಪ್ಪಡಿ ಕಲ್ಲನ್ನು ಕಿತ್ತು, ಒಡೆದು, ಹಾಗೇ ಬಿಟ್ಟು ಹೋಗಿದ್ದರು. ಮೋರಿ ಆಳ. ಅವಳೇನೋ ಸೀರೆ ಎತ್ತಿ ಕಟ್ಟಿ ಹೇಗೋ ದಾಟುತ್ತಿದ್ದಳು. ಅವಳ ಗಂಡ ಸಣ್ಣೀರಪ್ಪ ಕಣ್ಣು ಕಾಣದವನು, ಅವನಿಗೆ ಆಗುತ್ತಿರಲಿಲ್ಲ. ದಿನಾ ಸಂಜೆ ಕೋಲೂರಿಕೊಂಡು ಅರಳಿಕಟ್ಟೆಗೆ ಹೋಗಿ ಗೆಳೆಯರ ಜೊತೆ ಹರಟುತ್ತಿದ್ದ ಮನುಷ್ಯ ಮನೆಯೊಳಗೇ ಉಳಿದುಬಿಟ್ಟಿದ್ದ.

"ಒಂದು ಕಲ್ಲು ಹಾಕಿಸಿಕೊಡಪ್ಪ," ಅಂದಳು. ಆಮೇಲೆ ಅವನ ಮುಖ ದಿಟ್ಟಿಸಿ, "ನಿನ್ನ ಹೆಸರೇನು ಮಗಾ? ಊಟ ಆಯ್ತಾ? ಯಾಕೆ ಹಿಂಗೆ ಸೊರಗಿದೀಯ?" ಅಂತ ಕೇಳಿದಳು.

ಆ ಊರಿಗೆ ಬಂದಮೇಲೆ ಶಂಭುಲಿಂಗನ ಹೆಸರು ಕೇಳಿದವಳು ಅವಳೇ ಮೊದಲು. ಅವನು ಎರಡೆರಡು ಸಲ ಹೆಸರು ಹೇಳಿದ.

ಅವತ್ತು ಮೇಯರಮ್ಮನ ಪಕ್ಕ ನಡೆಯುತ್ತಾ ನಲ್ಲಿಯ ವಿಷಯ ಹೇಳಿದ, ನಾಯಿಯ ವಿಷಯ ಹೇಳಿದ, ಬೀದಿದೀಪದ ವಿಷಯ ಹೇಳಿದ. ಚಪ್ಪಡಿ ನಾಲಿಗೆ ತುದಿಗೆ ಬಂತು. ಹೇಳಿದರೆ ನಾಳೆಯೇ ಕಲ್ಲು ಹಾಕುತ್ತಾರೆ. ಕಲ್ಲು ಹಾಕಿದ ಮೇಲೆ ಅಜ್ಜಿ ಯಾಕೆ ಬರುತ್ತಾಳೆ?

ಮಾತು ನುಂಗಿಕೊಂಡ.

ಮರುದಿನ ಅಜ್ಜಿ ಬಂದಳು. "ಏನಾಯ್ತಪ್ಪ?"

"ಆಗುತ್ತೆ ಅಜ್ಜಿ. ನಾಳೆ ಬನ್ನಿ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ಕೊಟ್ಟಳು. ಪಕ್ಕದಲ್ಲಿ ಕೂತು ಯಾರ ಮನೆ ಕೋಳಿ ಯಾರ ಮನೆ ಹಿತ್ತಲಿಗೆ ನುಗ್ಗಿತು, ಯಾರು ಯಾರಿಗೆ ಏನಂದರು, ಎಲ್ಲ ಹೇಳಿದಳು. ಅವನು ಹೊಟ್ಟೆತುಂಬ ನಕ್ಕ. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ "ನಾಳೆ ಬನ್ನಿ" ಅಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಈ ಬೆಕ್ಕಿಗೆ ತಾನು ಬೆಕ್ಕು ಅನ್ನುವುದೇ ಗೊತ್ತಿರಲಿಲ್ಲ.

ಹೀಗೆ ತಿಂಗಳ ಮೇಲಾಯಿತು. ಒಂದು ಭಾನುವಾರ ಅವನು ಗುರುಗಳನ್ನು ನೋಡಲು ಆಶ್ರಮಕ್ಕೆ ಹೋದ. ಅಡುಗೆಮನೆಯಲ್ಲಿ ಕೂರಿಸಿ ಗುರುಗಳೇ ಮಜ್ಜಿಗೆ ಕೊಟ್ಟರು.

"ಹೇಗಿದೆಯೋ ನಿನ್ನ ಏಕಾಂತ?"

"ಮೊದಮೊದಲು ಜೀವ ಹೋದಂಗಾಗ್ತಿತ್ತು ಗುರುಗಳೇ. ಈಗ ಪರವಾಗಿಲ್ಲ. ಒಬ್ಬರು ಅಜ್ಜಿ ದಿನಾ ಬಂದು ಮಾತಾಡಿಸ್ತಾರೆ."

"ಮಾತಾಡಿಸೋಕೇ ಬರ್ತಾರಾ?"

"ಮನೆ ಮುಂದೆ ಚಪ್ಪಡಿ ಹಾಕಿಸಬೇಕಂತೆ. ಸಣ್ಣ ಕೆಲಸ. ಯಾವತ್ತು ಬೇಕಾದರೂ ಆಗುತ್ತೆ."

"ಅವರ ಮನೇಲಿ ಯಾರಿದ್ದಾರೆ?"

"ಅಜ್ಜ ಇದ್ದಾರೆ. ಕಣ್ಣು ಕಾಣಲ್ಲ. ಚಪ್ಪಡಿ ಇಲ್ಲದೆ ಹೊರಗೆ ಬರೋಕಾಗಲ್ಲ."

"ಅಜ್ಜಿ ನಿನ್ನ ಪಕ್ಕ ಕೂತಿರುವಾಗ ಅವರನ್ನ ಯಾರು ಮಾತಾಡಿಸ್ತಾರೆ?"

ಶಂಭುಲಿಂಗ ಮಜ್ಜಿಗೆ ಲೋಟ ಕೆಳಗಿಡುವಷ್ಟರಲ್ಲಿ ಗುರುಗಳು ಎದ್ದು ಹೊರಗೆ ನಡೆದರು. ಬಾಗಿಲು ಎಳೆದುಕೊಂಡರು. ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಈಗ ಬರುತ್ತಾರೆ, ಆಗ ಬರುತ್ತಾರೆ ಅಂತ ಅವನು ಕಾದ. ಹೊಳೆಯ ಕಡೆಯಿಂದ ಉಳಿದ ಶಿಷ್ಯರ ನಗು ಕೇಳಿಸುತ್ತಿತ್ತು. ಗುರುಗಳ ದನಿಯೂ ಅದರಲ್ಲಿತ್ತು. ಬಾಗಿಲು ಬಡಿದ, ಕೂಗಿದ, ಸುಮ್ಮನಾದ. ಬಿಸಿಲು ಇಳಿದ ಮೇಲೆ ಬಾಗಿಲು ತೆರೆಯಿತು.

"ಗುರುಗಳೇ, ನಾನು ಒಳಗಿರೋದು ಮರೆತೇಬಿಟ್ಟಿರಾ?"

"ಛೆ, ಮರೆಯೋದುಂಟೇ? ನೀನು ಒಳಗಿದ್ದೀಯ ಅಂತ ಚೆನ್ನಾಗಿ ಗೊತ್ತಿತ್ತು."

ಶಂಭುಲಿಂಗನಿಗೆ ಮನೆಯೊಳಗೇ ಉಳಿದ ಅಜ್ಜ ನೆನಪಾದ. ನಾಳೆ ಮೇಯರಮ್ಮನಿಗೆ ಹೇಳಿಯೇ ಬಿಡಬೇಕು ಅಂದುಕೊಂಡು ಪಟ್ಟಣಕ್ಕೆ ಮರಳಿದ.

ಬೆಳಗ್ಗೆ ಅಜ್ಜಿ ಬಂದಳು. ಕಣ್ಣು ಊದಿಕೊಂಡಿದ್ದವು.

"ನಮ್ಮನೆಯವರ ಗೆಳೆಯ ತೋಪಯ್ಯ ನಿನ್ನೆ ಹೋಗಿಬಿಟ್ಟ ಕಣಪ್ಪ. ಚಿಕ್ಕಂದಿನಿಂದ ಜೊತೆ. ದಿನಾ ಒಂದೇ ಕಟ್ಟೆ ಮೇಲೆ ಕೂರೋರು."

"ಅಜ್ಜ ಹೋಗಿ ನೋಡಿದ್ರಾ?"

"ಹೆಂಗೆ ಹೋಗ್ತಾರೆ? ಬೀದಿ ಹುಡುಗರು ಹೊತ್ಕೊಂಡು ದಾಟಿಸ್ತೀವಿ ಅಂದ್ರು. ಇವರು ಒಪ್ಪಲಿಲ್ಲ. 'ಇವತ್ತು ಹೊರಬೇಕಾದ್ದು ಅವನನ್ನ, ನನ್ನನ್ನಲ್ಲ' ಅಂದ್ರು. ಹೆಣ ನಮ್ಮನೆ ಮುಂದೇನೇ ಹೋಯ್ತು. ಹೊಸ್ತಿಲಲ್ಲಿ ನಿಂತು ಸದ್ದು ಬಂದ ಕಡೆಗೆ ಕೈ ಮುಗಿದ್ರು. ಒಂದು ಸಲ ಅವನ ಮುಖ ಮುಟ್ಟಿ ನೋಡೋಕೂ ಆಗ್ಲಿಲ್ಲ. ಆವಾಗಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ."

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇರಲಿ ಬಿಡು, ನೀನೇನು ಮಾಡ್ತೀಯ. ತಿಂಡಿ ತಿಂದ್ಯಾ?"

ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಂಭುಲಿಂಗ ತಲೆ ತಗ್ಗಿಸಿ ಕೂತ. ನಾಳೆ ಬನ್ನಿ ಅನ್ನಲಿಲ್ಲ.

ಮಧ್ಯಾಹ್ನ ಕಾರು ಗೇಟಿಗೆ ಬರುವಾಗಲೇ ಓಡಿಹೋಗಿ ನಿಂತ. "ಮೇಡಂ, ನೇಕಾರರ ಬೀದಿ, ನಿಂಗಜ್ಜಿ ಮನೆ ಮುಂದೆ ಮೋರಿಗೆ ಚಪ್ಪಡಿ ಇಲ್ಲ."

ಮೇಯರಮ್ಮ ನಡೆಯುತ್ತಲೇ ಫೋನು ಮಾಡಿದರು. ಕುರ್ಚಿ ಮುಟ್ಟುವ ಮೊದಲೇ ಮಾತು ಮುಗಿಯಿತು.

"ಇಷ್ಟೇನಾ? ಯಾವಾಗಿಂದ ಹೀಗಿದೆ? ಮೊದಲೇ ಹೇಳಬಾರದಿತ್ತೇನಪ್ಪ?"

ಅವನು ಹೊರಕೋಣೆಗೆ ತಿರುಗಿ ನಡೆದ.

ಮರುದಿನ ಕಲ್ಲು ಬಂತು. ಅಜ್ಜಿ ಬರಲಿಲ್ಲ. ಆ ವಾರವೆಲ್ಲ ಹೊರಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಜನ. ಅವರ ನಡುವೆ ಕೂತು ಅವನು ಬಾಗಿಲ ಕಡೆಯೇ ನೋಡುತ್ತಿದ್ದ. ತಾನೇ ಮಾಡಿಕೊಂಡದ್ದು, ಯಾರ ಹತ್ತಿರ ಹೇಳಿಕೊಳ್ಳುವುದು?

ಭಾನುವಾರ ಬಂದು ಗುರುಗಳ ಕಾಲ ಬಳಿ ಕುಸಿದು ಕೂತ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. "ನನ್ನನ್ನ ವಾಪಸ್ ಕರ್ಕೊಳ್ಳಿ ಗುರುಗಳೇ. ಅಲ್ಲಿ ನನ್ನ ಕೈಲಿ ಇರೋಕಾಗಲ್ಲ."

"ಕಲ್ಲು ಗಟ್ಟಿಯಾಗಿ ಕೂರಿಸಿದ್ದಾರಾ?"

"ಕೂರಿಸಿದ್ದಾರಂತೆ."

"ಅಂತೆ? ನೀನು ಹೋಗಿ ನೋಡಿಲ್ವಾ?"

"ಯಾವ ಮುಖ ಇಟ್ಕೊಂಡು ಹೋಗಲಿ? ಅಜ್ಜನ ಎದುರಿಗೆ ಏನಂತ ಹೇಳಲಿ?"

"ಈಗ ಇಲ್ಲಿ ಹೇಳಿದೆಯಲ್ಲ, ಅದನ್ನೇ."

"ಅಜ್ಜಿ ಬೈದರೆ?"

"ಬೈಸಿಕೋ. ಅವರ ಹುರಿಗಡಲೆ ತಿಂದಿಲ್ವಾ?"

ಶಂಭುಲಿಂಗ ಬಿಕ್ಕಿ ಬಿಕ್ಕಿ ಅತ್ತ. "ನನ್ನ ಹೆಸರು ಹಿಡಿದು ಕರೆಯೋರು ಆ ಊರಲ್ಲಿ ಅವರೊಬ್ಬರೇ ಇದ್ದರು. ಇನ್ನು ಅವರು ಬರೋದಿಲ್ಲ ಗುರುಗಳೇ. ಆ ಕಲ್ಲು ಹಾಕಿದ ದಿನವೇ ಎಲ್ಲ ಮುಗಿದುಹೋಯ್ತು."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಅಲ್ಲ ಮಗಾ, ಆ ಚಪ್ಪಡಿ ಮೇಲೆ ಒಳಗಿಂದ ಹೊರಗೆ ಮಾತ್ರ ದಾಟಬೇಕು ಅಂತ ನಿನಗೆ ಯಾರು ಹೇಳಿದ್ದು?"