ದೀಪ ಉರಿಯುತ್ತಿತ್ತು

“ಭಯ ಎಲ್ಲರಿಗೂ ಇದೆ. ಹಾಗಿರುವಾಗ ಒಬ್ಬನ ಭಯವನ್ನು ಮಾತ್ರ ಬೇರೆ ಬಗೆಯದು ಎಂದು ಏಕೆ ಒಪ್ಪಬೇಕು?”

ಕೊಟ್ರೇಶ ಹೀಗೆ ಕೇಳಿದ. ಗುರು ಹರಿದ ಕೌದಿಗೆ ಹೊಲಿಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರ ಭಯ?”

“ನಮ್ಮಣ್ಣನದು. ಹತ್ತು ವರ್ಷದ ಹಿಂದೆ ಹೊಳೆಯಲ್ಲಿ ಹರಿಗೋಲು ಮಗುಚಿ ಮೂವರು ಸತ್ತರು. ಇವನು ಈಜಿ ಆಚೆ ದಡ ಸೇರಿದ. ಸೇರಿದವನು ಅಲ್ಲೇ ಉಳಿದ. ಮತ್ತೆ ಹೊಳೆ ದಾಟಲಿಲ್ಲ. ಹೋದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಅವಳಿಗೆ ಮಣ್ಣು ಹಾಕಲೂ ಬರಲಿಲ್ಲ. ಆಚೆ ದಡದವರೆಗೆ ಬಂದ. ಸಂಜೆಯವರೆಗೆ ಅಲ್ಲೇ ನಿಂತ. ಆಮೇಲೆ ಹಿಂದಿರುಗಿದ. ಹೊಳೆ ಅಂದು ತಟ್ಟೆಯಲ್ಲಿನ ನೀರಿನಂತಿತ್ತು.”

“ಈಗೇನು?”

“ಹೇಳಿಕಳಿಸಿದ್ದಾನೆ. ಹಾಸಿಗೆ ಹಿಡಿದಿದ್ದಾನಂತೆ. ಒಮ್ಮೆ ಬಂದು ಮುಖ ತೋರಿಸು ಎಂದಿದ್ದಾನೆ. ನಾನು ಹೋಗುವುದಿಲ್ಲ. ಅವನದು ಭಯವಲ್ಲ, ನೆಪ.”

ಗುರು ಹಲ್ಲಿನಿಂದ ದಾರ ಕಡಿದರು. “ಕೂತುಕೋ” ಎಂದರು.

ಒಂದು ಊರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ಅವನೂ ಅವನ ಅಣ್ಣನೂ ಕೂಡಿ ಕೆಲಸ ಮಾಡುತ್ತಿದ್ದರು. ಆ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹಳೆಯ ಬಾವಿಗೆ ಇಳಿಯುವ ಮೊದಲು ಗಡಿಗೆಯಲ್ಲಿ ದೀಪ ಇಟ್ಟು ಹಗ್ಗದಿಂದ ಕೆಳಗೆ ಬಿಡುತ್ತಾರೆ. ತಳದಲ್ಲಿ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ. ಆರಿದರೆ ಅಂದು ಯಾರೂ ಇಳಿಯುವುದಿಲ್ಲ. ಉರಿದರೆ ಇಳಿಯುತ್ತಾರೆ. ಹಾಗೆ ಇಳಿಯುವವರಿಗೆ ಭಯ ಇಲ್ಲವೆಂದಲ್ಲ. ಅವರ ಭಯ ದೀಪವನ್ನು ಕೇಳುತ್ತದೆ. ದೀಪ ಹೇಳಿದ್ದನ್ನು ನಂಬುತ್ತದೆ.

ಒಂದು ದಿನ ಅವಸರವಿತ್ತು. ಅಣ್ಣ ದೀಪ ಬಿಡದೆ ಇಳಿದ. ಅರ್ಧ ದಾರಿಯಲ್ಲಿ ಕೈ ಸಡಿಲಿತು. ಕೂಗಲೂ ಇಲ್ಲ. ತಮ್ಮನು ಮೇಲೆ ಹಗ್ಗ ಹಿಡಿದು ನಿಂತಿದ್ದ.

ತಿಂಗಳ ಮೇಲೆ ತಮ್ಮ ಇನ್ನೊಂದು ಬಾವಿಯ ಕೆಲಸಕ್ಕೆ ಹೋದ. ದೀಪ ಬಿಟ್ಟ. ಉರಿಯಿತು. ಮೇಲೆಳೆದು ಮತ್ತೆ ಬಿಟ್ಟ. ಉರಿಯಿತು. ಮಧ್ಯಾಹ್ನದವರೆಗೆ ಇಳಿಸುತ್ತ ಎಳೆಯುತ್ತ ಇದ್ದ. ಬಾವಿಯ ಒಡೆಯ, “ಏನಪ್ಪಾ, ಬಾವಿಗೆ ಆರತಿ ಎತ್ತುತ್ತಿದ್ದೀಯಾ?” ಎಂದ. ಅವನು ಹಗ್ಗ ಸುತ್ತಿಕೊಂಡು ಮನೆಗೆ ಬಂದ. ಮತ್ತೆ ಯಾವ ಬಾವಿಗೂ ಇಳಿಯಲಿಲ್ಲ. ಹಗ್ಗ ಹೊಸೆದು ಮಾರತೊಡಗಿದ.

ಅವನು ಪುಕ್ಕಲನಲ್ಲ. ಹಾವನ್ನು ಬಾಲ ಹಿಡಿದು ಎಸೆಯುತ್ತಿದ್ದ. ಕಟ್ಟು ಕಿತ್ತ ಹೋರಿಗೆ ಎದುರು ನಿಲ್ಲುತ್ತಿದ್ದ. ಬಾವಿ ಮಾತ್ರ ಆಗುತ್ತಿರಲಿಲ್ಲ. ಅವನ ಹಿತ್ತಿಲಲ್ಲಿ ಅವನೇ ತೋಡಿದ ಸಿಹಿನೀರಿನ ಬಾವಿ ಇತ್ತು. ಕೊನೆಗೆ ಅದರ ಮೇಲೂ ಚಪ್ಪಡಿ ಎಳೆಸಿದ.

ಊರಿನ ಕಟ್ಟೆಯಲ್ಲಿ ನಗೆಯಾಡಿದರು. “ಬಾವಿಯವನಿಗೆ ಬಾವಿ ಆಗೋದಿಲ್ಲವಂತೆ. ನಾಳೆ ಮೀನಿಗೆ ನೀರು ಆಗದು ಅಂತಾರೆ, ನೋಡ್ತಿರಿ.” ಧೈರ್ಯ ತಂದುಕೋ ಎಂದು ಎಲ್ಲರೂ ಹೇಳಿದರು. ಎಲ್ಲಿಂದ ತರಬೇಕೆಂದು ಯಾರೂ ಹೇಳಲಿಲ್ಲ.

ಹೆಂಡತಿ ನಗಲಿಲ್ಲ. ಒಂದೇ ಸಲ ಕೇಳಿದಳು.

“ನೀರು ಸೇದಲು ಒಳಗೆ ಇಳಿಯಬೇಕಿಲ್ಲವಲ್ಲ?”

“ಗೊತ್ತು.”

“ಮತ್ತೆ?”

“ಗೊತ್ತಿದ್ದೂ ಆಗುವುದಿಲ್ಲ.”

ಅವಳು ಕೊಡ ಎತ್ತಿಕೊಂಡು ಕೆರೆಗೆ ಹೋದಳು. ಅರ್ಧ ಹರದಾರಿ ದೂರ. ನಾಲ್ಕು ವರ್ಷ ಹೀಗೇ ನಡೆಯಿತು.

ಐದನೆಯ ವರ್ಷ ಅವಳಿಗೆ ಜ್ವರ ಬಂತು. ಗಂಡ ಹಗ್ಗ ಮಾರಲು ಹೋಗಿದ್ದ. ಮನೆಯಲ್ಲಿ ತೊಟ್ಟು ನೀರಿರಲಿಲ್ಲ. ಕೆರೆಯವರೆಗೆ ನಡೆಯುವ ಶಕ್ತಿಯೂ ಇರಲಿಲ್ಲ. ಹಾರೆ ಹಾಕಿ ಚಪ್ಪಡಿಯನ್ನು ಒಂದು ಕಡೆಗೆ ಸರಿಸಿದಳು. ನಾಲ್ಕು ವರ್ಷ ಯಾರೂ ನೋಡದ ದಂಡೆ. ಮಣ್ಣು ಕುಸಿಯಿತು. ಅವಳು ಒಳಗೆ ಬಿದ್ದಳು.

ಗಂಡ ಬಂದಾಗ ಕೂಗು ಕೇಳುತ್ತಿತ್ತು. ಓಡಿದ. ಬಾವಿಗೆ ಹತ್ತು ಹೆಜ್ಜೆ ಈಚೆ ಒಂದು ಬೇವಿನ ಮರವಿತ್ತು. ಅಲ್ಲಿ ಕಾಲು ನಿಂತುಬಿಟ್ಟವು. ಅಲ್ಲಿಂದಲೇ ಬೊಬ್ಬೆ ಹಾಕಿದ. ಪಕ್ಕದ ಮನೆಯ ಗಾಣಿಗ ಬಂದ. ದಪ್ಪ ಆಳು. ಹುಟ್ಟಿದಂದಿನಿಂದ ಬಾವಿಗೆ ಇಳಿದವನಲ್ಲ. ಮುಚ್ಚಿಟ್ಟ ಬಾವಿ ಎಂದು ಮೊದಲು ದೀಪ ಬಿಟ್ಟು ನೋಡಿದ. ಉರಿಯಿತು.

“ಉರೀತಿದೆ. ಇಳಿ ಮಾರಾಯ, ನಿನ್ನ ಬಾವಿ ಇದು.”

“ಕಾಣುತ್ತಿದೆ.”

“ಅವಳು ಕೂಗ್ತಿದ್ದಾಳೆ. ಗಾಳಿ ಇಲ್ಲದೆ ಯಾರಾದರೂ ಕೂಗ್ತಾರೇನೋ?”

“ಅದೂ ಗೊತ್ತು.”

ಅವನು ಮರ ಬಿಟ್ಟು ಒಂದು ಹೆಜ್ಜೆ ಇಟ್ಟ. ವಾಂತಿ ಮಾಡಿಕೊಂಡ. ಬಿದ್ದ. ಮತ್ತೆ ಮರದ ಬುಡಕ್ಕೆ ತೆವಳಿದ.

ಗಾಣಿಗ ಉಗಿದ. “ಥೂ! ನೀನೂ ಒಬ್ಬ ಗಂಡಸಾ?” ಹಗ್ಗವನ್ನು ಅದೇ ಮರಕ್ಕೆ ಬಿಗಿದು ಸೊಂಟಕ್ಕೆ ಕಟ್ಟಿಕೊಂಡ. ಅವನಿಗೂ ಭಯ ಇತ್ತು. ಅವನ ಭಯ ಗಂಟನ್ನು ಎರಡು ಸಲ ಎಳೆದು ನೋಡಿತು. ಆಮೇಲೆ ಅವನನ್ನು ಬಿಟ್ಟಿತು. ಇಳಿದ.

ಆಗ ಗಂಡ ಬಾವಿಗೆ ಬೆನ್ನು ತಿರುಗಿಸಿ, ಮರವನ್ನು ತಬ್ಬಿ, ಕಣ್ಣು ಮುಚ್ಚಿ ಕೂಗತೊಡಗಿದ. ಬಾವಿಯ ಗೋಡೆಯಲ್ಲಿ ಕಾಲಿಡಲು ಗೂಡು ಕೊರೆದಿದ್ದವನು ಅವನೇ.

“ಮೊದಲನೆಯ ಗೂಡು ಎಡಕ್ಕೆ, ಒಂದು ಮೊಳ ಕೆಳಗೆ. ಎರಡನೆಯದು ಬಲಕ್ಕೆ. ಮೂರನೆಯದು ಜಾರುತ್ತದೆ, ಹೆಬ್ಬೆರಳು ಊರು.”

ಗಾಣಿಗ ಆ ಧ್ವನಿ ಹಿಡಿದು ಇಳಿದ. ಏಳನೆಯ ಗೂಡಿನಲ್ಲಿ ಕಾಲಿಟ್ಟಾಗ ಕೆಳಗಿನ ಕೂಗು ನಿಂತಿತು. ಮರದ ಹತ್ತಿರ ಇದ್ದವನು ನಿಲ್ಲಿಸಲಿಲ್ಲ.

“ಎಂಟನೆಯದು ಎಡಕ್ಕೆ. ಒಂಬತ್ತನೆಯದು ಅಗಲವಿದೆ. ಅಲ್ಲಿ ನಿಂತು ಬಗ್ಗಿದರೆ ಅವಳ ಕೈ ಸಿಗುತ್ತದೆ.”

“ಸಾಕು” ಎಂದ ಗಾಣಿಗ.

“ಒಂಬತ್ತನೆಯದು ಅಗಲವಿದೆ.”

“ಸಾಕು ಮಾರಾಯ.”

ಹೆಣಕ್ಕೆ ಹೆಗಲು ಕೊಡಲು ಊರು ಗಂಡನನ್ನು ಬಿಡಲಿಲ್ಲ. “ಹತ್ತು ಹೆಜ್ಜೆ ಬರಲಾಗದವನು ಸುಡುಗಾಡಿನವರೆಗೆ ಹೇಗೆ ಬರ್ತೀಯಪ್ಪ?” ಎಂದರು. ಅವನು ದೂರದಲ್ಲಿ, ಎಲ್ಲರಿಗಿಂತ ಹಿಂದೆ ನಡೆದ.

ಗಾಣಿಗನಿಗೆ ಊರವರು ರುಮಾಲು ಸುತ್ತಿದರು. ಕಾಣದ ಬಾವಿಯಲ್ಲಿ ಗೂಡುಗಳು ಹೇಗೆ ಸಿಕ್ಕವು ಎಂದು ಒಬ್ಬ ಕೇಳಿದ. “ಕಾಲಿಗೆ ಸಿಕ್ಕವು” ಎಂದ ಗಾಣಿಗ.

ಬಾವಿ ತೋಡುವವನು ಅದನ್ನು ಕೇಳಿಸಿಕೊಂಡ. ಮನೆಗೆ ನಡೆದ. ಆಮೇಲೆ ಒಂಬತ್ತು ವರ್ಷ ಬದುಕಿದ. ಹೆಂಡತಿಯ ಕೊಡ ಎತ್ತಿಕೊಂಡು ದಿನವೂ ಅದೇ ಅರ್ಧ ಹರದಾರಿ ನಡೆದು ಕೆರೆಯಿಂದ ನೀರು ತಂದ. ಅವನ ಹೊಸ್ತಿಲು ಯಾರೂ ತುಳಿಯಲಿಲ್ಲ. ಸತ್ತದ್ದು ಮೂರು ದಿನದ ಮೇಲೆ ಗೊತ್ತಾಯಿತು.

ಗುರು ಸೂಜಿಗೆ ಮತ್ತೆ ದಾರ ಪೋಣಿಸಿದರು.

ಕೊಟ್ರೇಶ ಗಟ್ಟಿಯಾಗಿ ಹೇಳಿದ:

“ಏನೇ ಹೇಳಿ ಗುರುಗಳೇ. ಹತ್ತೇ ಹೆಜ್ಜೆ. ಕಟ್ಟಿಕೊಂಡವಳಿಗಾಗಿ ಹತ್ತು ಹೆಜ್ಜೆ ಇಡಲಿಲ್ಲವಲ್ಲ ಅವನು.”

ಗುರು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

“ಅವ್ವನ ಮಣ್ಣಿನ ದಿನ ನಿನ್ನ ಅಣ್ಣ ಸಂಜೆಯವರೆಗೆ ಆಚೆ ದಡದಲ್ಲಿ ನಿಂತಿದ್ದ, ದೋಣಿಗೆ ಹೆದರದ ನೀನು ಏಕೆ ದಾಟಲಿಲ್ಲ?”